ರೈಫಲ್ಲಿನ ಬಾಣಂತನ

“ಈ ಸಲ ಶಿವಮೊಗ್ಗಕ್ಕೆ ನಾನೂ ಬರ್ತೀನಿ! ಗ್ಯಾರಂಟಿ ಅಂದ್ರೆ ಏನು ಅಂತ ಆ ಅಂಗಡಿಯವ್ನು ಈ ಜನ್ಮದಾಗೆ ಮರೀಬಾರ್ದು, ಹಂಗೆ ಕಲಿಸಿ ಬರ್ತೀನಿ. ಇಲ್ಲಾಂದ್ರೆ ನನ್ನ ಹೆಸರು ಶಾಂತಾದೇವೀನೇ ಅಲ್ಲ!”

ಒಂದು ಕೈಯಲ್ಲಿ ಮಜ್ಜಿಗೆಯ ಕಡಗೋಲು, ಇನ್ನೊಂದು ಕಂಕುಳಲ್ಲಿ ಹಲ್ಲು ಬರುತ್ತಿದ್ದ ಮಗಳು. ಈ ಭಂಗಿಯಲ್ಲಿ ನಿಂತು ಪ್ರತಿಜ್ಞೆ ಮಾಡಿದ ವೀರಾಂಗನೆ ಪುರಾಣದಲ್ಲೂ ಇರಲಿಕ್ಕಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ ಗಂಡ ಮುರುಗೇಶಪ್ಪ, ತೊಡೆಯ ಮೇಲಿದ್ದ ಹೊಚ್ಚ ಹೊಸ ರೈಫಲ್ಲನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದ. ಎರಡರಲ್ಲಿ ಯಾವುದು ಮೊದಲು ಸಿಡಿದೀತು ಎಂಬ ಬಗ್ಗೆ ಅವನಿಗೆ ಸಂಶಯವೇ ಇರಲಿಲ್ಲ. ರೈಫಲ್ಲಂತೂ ಅಲ್ಲ!

ಅವನು ಅದನ್ನು ಕೊಂಡದ್ದು ಆ ವರ್ಷದ, ಅಂದರೆ ಎಂಬತ್ತೊಂದನೇ ಇಸವಿಯ, ಮುಂಗಾರಿನಲ್ಲಿ. ಬೇಟೆಗೆ ಎಂದುಕೊಂಡೀರಿ! ಲಿಂಗ ಕಟ್ಟಿದ ಮನೆ ಅದು. ಬದನೆಕಾಯಿಯಲ್ಲಿ ಹುಳ ಕಂಡರೆ ಅದನ್ನು ಎಲೆಯ ಮೇಲೆ ಕೂರಿಸಿ, ಜೋಪಾನವಾಗಿ ಹಿತ್ತಲಿಗೆ ಬಿಟ್ಟುಬರುವವರು ಅವನ ತಾಯಿ ಸಿದ್ದಲಿಂಗಮ್ಮ. ರೈಫಲ್ಲು ಬೇಕಾಗಿದ್ದದ್ದು ಶಾಂತಾದೇವಿಯ ಶೇಂಗಾ ಹೊಲಕ್ಕೆ.

ಮುಂಗಾರಿಗೆ ಮುಂಚೆ ಶಾಂತಾದೇವಿ ತವರೂರು ಜಗಳೂರಿನಿಂದ ಒಂದು ಚೀಲ ಶೇಂಗಾ ಬೀಜ ತಂದಿದ್ದಳು. ಸಿದ್ದಲಿಂಗಮ್ಮ ನಾಲ್ಕು ಬೀಜ ಅಂಗೈಯಲ್ಲಿ ಉಜ್ಜಿ, ಬಾಯಿಗೆ ಹಾಕಿಕೊಂಡು, “ತಿನ್ನಾಕೆ ಚೆನ್ನಾಗೈತೆ. ಬಿತ್ತಾಕಲ್ಲ. ನಮ್ಮ ಗೋವಿನಕೋವಿ ಮಣ್ಣಿಗೆ ನಿಮ್ಮೂರ ಬೀಜ ಹಿಡಿಯಲ್ಲ” ಎಂದು ತೀರ್ಪು ಕೊಟ್ಟರು. ಸೊಸೆ ಬಿಡುತ್ತಾಳೆಯೇ? “ಹಳ್ಳದ ದಂಡೆ ಹೊಲ ಈ ವರ್ಷ ನನಗೆ ಬಿಡ್ರಿ. ಹಿಡಿಯುತ್ತೋ ಇಲ್ವೋ ನೋಡೇಬಿಡಾಣ” ಎಂದಳು. ಅತ್ತೆಯೂ ಒಪ್ಪಿದರು, ಆದರೆ ಕರಾರಿನ ಮೇಲೆ. ಬೆಳೆ ಮನೆಗೆ ಬಂದರೆ ಆ ಹೊಲ ಎಂದೆಂದಿಗೂ ಸೊಸೆಯದು. ಬರದಿದ್ದರೆ ಮುಂದಿನ ವರ್ಷದಿಂದ ಅಲ್ಲಿ ಜೋಳ. ಸೊಸೆ ಹೊಲದ ಮಾತು ಎತ್ತುವಂತಿಲ್ಲ.

ಬೀಜ ಹಿಡಿಯಿತು! ಹಳದಿ ಹೂ ಬಿಟ್ಟು, ಹೂವಿನ ಬುಡದಿಂದ ಎಳೆ ಊಡು ಮಣ್ಣಿಗೆ ಇಳಿಸಿ, ಒಳಗೆ ಕಾಯಿ ಕಟ್ಟತೊಡಗಿತು. ಆ ಸುದ್ದಿ ಸಿದ್ದಲಿಂಗಮ್ಮನವರಿಗಿಂತ ಮೊದಲು ಕಾಡುಹಂದಿಗಳಿಗೆ ತಲುಪಿತು. ಆಚೆಯ ಗುಡ್ಡದಿಂದ ಸಕುಟುಂಬ ಸಪರಿವಾರ ಇಳಿದು ಬಂದು, ಬೆಳಗಿನ ಜಾವ ಸಾಲು ಹಿಡಿದು ಉತ್ತು ಹೋಗುತ್ತಿದ್ದವು. ಪಕ್ಕದ ಹೊಲದ ಧರ್ಮಪ್ಪ ಅಟ್ಟಣೆ ಕಟ್ಟಿ ತಮಟೆ ಬಡಿದ. ಹಂದಿಗಳು ತಾಳಕ್ಕೆ ತಕ್ಕಂತೆ ಅಗೆದವು. ಅದೃಷ್ಟಕ್ಕೆ ಮುರುಗೇಶಪ್ಪ ಹಿಂದಿನ ವರ್ಷವೇ ಬೆಳೆ ರಕ್ಷಣೆಯ ಲೈಸೆನ್ಸು ಮಾಡಿಸಿ, ಈ ಮುಂಗಾರಿನಲ್ಲಿ ರೈಫಲ್ಲನ್ನೂ ತಂದು ಗೂಟಕ್ಕೆ ನೇತುಹಾಕಿದ್ದ. ಸಿದ್ದಲಿಂಗಮ್ಮನವರ ಅಪ್ಪಣೆ ಒಂದೇ: “ಆಕಾಶಕ್ಕೆ ಹೊಡಿ. ಸದ್ದಿಗೆ ಓಡ್ತಾವೆ. ಒಂದು ಜೀವಕ್ಕೂ ತಾಗಂಗಿಲ್ಲ.”

ಆಕಾಶಕ್ಕೆ ಹೊಡೆಯುವುದೂ ಒಂದು ವಿದ್ಯೆ ಎಂದು ಆ ಮನೆಯವರಿಗೆ ಆಮೇಲೆ ಗೊತ್ತಾಯಿತು.

ಮೊದಲ ದಿನ ಊರ ಜನರೆಲ್ಲ ಕಿವಿ ಮುಚ್ಚಿಕೊಂಡು ಸುತ್ತ ನಿಂತಿದ್ದಾಗ ರೈಫಲ್ಲು “ಟಿಕ್” ಎಂದಿತು. ಅಷ್ಟೇ! ಗೋಡೆಯ ಹಲ್ಲಿ ಅದಕ್ಕಿಂತ ಜೋರಾಗಿ ಲೊಚಗುಟ್ಟುತ್ತಿತ್ತು. ಶಿವಮೊಗ್ಗದ ಗದಾಧರ ಬಂದೂಕು ಭಂಡಾರಕ್ಕೆ ಒಯ್ದು ಗ್ಯಾರಂಟಿಯ ಮೇಲೆ ರಿಪೇರಿ ಮಾಡಿಸಿ ತಂದರೆ ಗುಂಡೇನೋ ಹಾರಿತು. ಖಾಲಿ ತೋಟಾ ಹೊರಗೆ ಬರಲೊಲ್ಲದು, ತವರಿಗೆ ಬಂದ ಮಗಳ ಹಾಗೆ ಒಳಗೇ ಕೂತುಬಿಟ್ಟಿತು. ಮತ್ತೆ ರಿಪೇರಿ. ಈಗ ತೋಟಾ ಹೊರಗೆ ಬಂತು, ಗುರಿಯ ಮೊಳೆ ಸೊಟ್ಟಗಾಗಿತ್ತು. ಮುರುಗೇಶಪ್ಪ ಆಕಾಶಕ್ಕೆ ಹೊಡೆದ ಗುಂಡು ಹಿತ್ತಲಿನ ನುಗ್ಗೆ ಮರದಿಂದ ಒಂದು ಗೊಂಚಲು ಕಾಯಿ ಕೆಡವಿತು. ಸಿದ್ದಲಿಂಗಮ್ಮ ಅದನ್ನೆತ್ತಿಕೊಂಡು ಹೋಗಿ ಸಾರು ಮಾಡಿದರು. “ಇಷ್ಟಾದ್ರೂ ಉಪಯೋಗಕ್ಕೆ ಬಂತಲ್ಲ” ಎಂದು ಬಡಿಸಿದರು ಕೂಡ. ಮೂರನೇ ರಿಪೇರಿಯಾಗಿ ಮನೆಗೆ ಬಂದ ದಿನ ಮುರುಗೇಶಪ್ಪ ಅದನ್ನು ಹೆಗಲಿಂದ ಇಳಿಸಿದರೆ ನಳಿಗೆ ಒಂದು ಕೈಯಲ್ಲಿ, ಮರದ ಹಿಡಿ ಇನ್ನೊಂದು ಕೈಯಲ್ಲಿ!

“ಇದೇನ್ರೀ ಇದು?”

“ಅವ್ರು ಸ್ಕ್ರೂ ಹಾಕಾಕೆ ಮರೆತಿರಬೇಕು ಕಣೆ...”

“ಕೇಳಲಿಲ್ವಾ ನೀವು?”

“ಕೇಳಬೇಕು ಅಂತಿದ್ದೆ. ಅಷ್ಟೊತ್ತಿಗೆ ಕಾಫಿ ತರಿಸಿದ್ರು. ಕಾಫಿ ಕುಡಿದ ಮ್ಯಾಲೆ ಜಗಳ ಆಡೋದು ಹೆಂಗೆ?”

ಮುರುಗೇಶಪ್ಪನ ಸ್ವಭಾವವೇ ಅದು. ಜಗಳಕ್ಕೆಂದು ಹೋದವನು ಮೊದಲ ಸಲ ಕಾಫಿ ಕುಡಿದು ಬಂದ, ಎರಡನೇ ಸಲ ಕಾಫಿ ಕುಡಿದು ಒಂದು ಕ್ಯಾಲೆಂಡರ್ ತಂದ, ಮೂರನೇ ಸಲ ಅಂಗಡಿಯವನ ಮಗಳ ಮದುವೆಗೆ ಬರುತ್ತೇನೆಂದು ಮಾತು ಕೊಟ್ಟು ಬಂದ. ಅಷ್ಟರಲ್ಲಿ ಹಂದಿಗಳು ಹೊಲದ ಅಂಚಿನಿಂದ ನಡುವಿಗೆ ಬಂದಿದ್ದವು. ಈ ವಾರ ತಡೆಯದಿದ್ದರೆ ಕೀಳಲು ಬಳ್ಳಿಯೇ ಇರುವುದಿಲ್ಲ. ಅತ್ತೆ ಆಗಲೇ ಜೋಳದ ಬೀಜ ತೂರಿ, ಕೇರಿ, ಮಡಕೆಗೆ ತುಂಬಿಸಿಡುತ್ತಿದ್ದರು, ಸೊಸೆಯ ಕಣ್ಣೆದುರೇ! ಹೀಗಾಗಿ ಕಡಗೋಲು ಪ್ರತಿಜ್ಞೆ.

ಮರುದಿನ ಬೆಳಗಿನ ಬಸ್ಸು. ರೈಫಲ್ಲನ್ನು ಹಾಗೇ ಬರಿ ಮೈಯಲ್ಲಿ ಒಯ್ದರೆ ಜನ ಗಾಬರಿಯಾಗುತ್ತಾರೆಂದು ಶಾಂತಾದೇವಿ ಮಗಳ ಕೌದಿಯಲ್ಲಿ ಅದನ್ನು ಬೆಚ್ಚಗೆ ಸುತ್ತಿ ತನ್ನ ತೊಡೆಯ ಮೇಲೆ ಮಲಗಿಸಿಕೊಂಡಳು. ಮಗಳು ಅಪ್ಪನ ತೊಡೆಯ ಮೇಲೆ. ನ್ಯಾಮತಿಯಲ್ಲಿ ಹತ್ತಿದ ಮುದುಕಿಯೊಬ್ಬಳು ಪಕ್ಕದಲ್ಲಿ ಕೂತು ಕೌದಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಎಷ್ಟು ತಿಂಗಳ ಕೂಸವ್ವ?”

“ಐದು” ಎಂದಳು ಶಾಂತಾದೇವಿ. ಕೊಂಡು ಅಷ್ಟೇ ಆಗಿತ್ತು.

“ಶಿವನೇ! ಐದಕ್ಕೇ ಇಷ್ಟುದ್ದ ಬೆಳೆದೈತಲ್ಲ! ಮೈ ಮಾತ್ರ ಹಿಡಿದಿಲ್ಲ, ಬಡಕಲು. ಹುಷಾರಿಲ್ಲೇನು?”

“ಹುಟ್ಟಿದಾಗಿಂದ ಹುಷಾರಿಲ್ಲಜ್ಜಿ. ಮೂರು ಸಲ ಶಿವಮೊಗ್ಗಕ್ಕೆ ತೋರಿಸಿದ್ವಿ. ಬಾಯೇ ಬಿಡ್ತಿಲ್ಲ.”

ಅಜ್ಜಿ ಮರುಗಿ, ಸೊಂಟದ ಸಂಚಿಯಿಂದ ವಿಭೂತಿ ತೆಗೆದು ಕೌದಿಯ ತುದಿ ಸರಿಸಿದಳು. ಕೈಗೆ ತಣ್ಣನೆ ನಳಿಗೆ ತಾಗಿತು. ಆಮೇಲೆ ಸವಳಂಗ ಬರುವವರೆಗೂ ಅವಳು ಬಸ್ಸಿನ ಹಿಂದಿನ ಬಾಗಿಲ ಬಳಿ ನಿಂತೇ ಪ್ರಯಾಣ ಮಾಡಿದಳು.

ಗದಾಧರ ಬಂದೂಕು ಭಂಡಾರದ ಮಾಲೀಕ ವಿರೂಪಾಕ್ಷಪ್ಪ ಗಲ್ಲಾ ಹಿಂದಿನಿಂದ ಕೈಮುಗಿದು ನಕ್ಕ. “ಬರ್ರಿ ಮುರುಗೇಶಪ್ಪೋರೇ, ಓಹೋ, ಮನೆಯವ್ರೂ ಬಂದಾರೆ! ಏಯ್, ಮೂರು ಕಾಫಿ...”

“ಕಾಫಿ ಬ್ಯಾಡ” ಎಂದಳು ಶಾಂತಾದೇವಿ. ಮುರುಗೇಶಪ್ಪನ ಮುಖ ಸಣ್ಣಗಾಯಿತು. ಕೌದಿ ಬಿಚ್ಚಿ ಎರಡು ತುಂಡು ಗಲ್ಲಾದ ಮೇಲೆ ಇಟ್ಟಳು. “ಇದಕ್ಕೆ ಒಂದು ವರ್ಷ ಗ್ಯಾರಂಟಿ ಕೊಟ್ಟೀರಿ. ಒಂದು ದಿನ ನೆಟ್ಟಗೆ ಕೆಲಸ ಮಾಡಿಲ್ಲ. ಏನು ಹೇಳ್ತೀರಿ?”

“ನೋಡು ತಂಗಿ, ಗ್ಯಾರಂಟಿ ಅಂದ್ರೆ ರಿಪೇರಿ ಮಾಡ್ತೀವಿ ಅಂತ. ರಿಪೇರಿ ಆಗುತ್ತೆ ಅಂತ ಎಲ್ಲಿ ಬರ್ದೈತೆ?”

“ಹೌದಾ? ಹಂಗಾದ್ರೆ ಇದು ಸರಿಯಾಗೋ ತನಕ ನಾನು ಇಲ್ಲೇ ಇರ್ತೀನಿ. ನಾನೂ ಅಷ್ಟೇ ನೋಡ್ರಿ, ಯಾವಾಗ ಹೋಗ್ತೀನಿ ಅಂತ ಎಲ್ಲೂ ಬರ್ದು ಕೊಟ್ಟಿಲ್ಲ!”

ವಿರೂಪಾಕ್ಷಪ್ಪ ಇದನ್ನು ತಮಾಷೆ ಎಂದುಕೊಂಡ. ಶಾಂತಾದೇವಿ ಚೀಲದಿಂದ ಹಳೇ ಸೀರೆ ತೆಗೆದಳು. ಬಂದೂಕುಗಳನ್ನು ಸಾಲಾಗಿ ನಿಲ್ಲಿಸಿದ್ದ ಮರದ ಚೌಕಟ್ಟಿನ ಈ ಕಂಬಕ್ಕೂ ಆ ಕಂಬಕ್ಕೂ ಜೋಲಿ ಕಟ್ಟಿ ಮಗಳನ್ನು ಮಲಗಿಸಿದಳು. ಒಂದು ಕಾಲಲ್ಲಿ ತೂಗುತ್ತಾ, ಕೂತಲ್ಲೇ ಸೊಪ್ಪು ಬಿಡಿಸತೊಡಗಿದಳು. ಸಂಜೆಯ ಸಾರಿಗಿರಲೆಂದು ಬರುವಾಗಲೇ ಪೇಟೆಯಲ್ಲಿ ಕೊಂಡಿದ್ದಳು. ಮಗಳು ಅಮ್ಮನ ಹೋರಾಟಕ್ಕೆ ತನ್ನ ಕೈಲಾದ ಬೆಂಬಲ ಕೊಟ್ಟಿತು: ಗಂಟೆಗೊಮ್ಮೆ ಬಟ್ಟೆ ಒದ್ದೆ ಮಾಡಿತು. ಒದ್ದೆ ಬಟ್ಟೆಯನ್ನು ಅಂಗಡಿಯ ನಲ್ಲಿಯಲ್ಲೇ ಹಿಂಡಿ, ಜೋಡಿ ನಳಿಗೆ, ಒಂಟಿ ನಳಿಗೆ ಎಂಬ ಭೇದವಿಲ್ಲದೆ ಸಾಲಾಗಿ ಒಣಹಾಕಿದಳು. ಮುರುಗೇಶಪ್ಪ ಹೊರಗೆ ನಿಂತು, ಈ ಹೆಂಗಸು ಯಾರೋ ತನಗೆ ಗೊತ್ತೇ ಇಲ್ಲವೆಂಬಂತೆ ಎದುರಿನ ಗೋಡೆಯ ಸಿನಿಮಾ ಪೋಸ್ಟರನ್ನು ಅಕ್ಷರ ಅಕ್ಷರ ಓದಿದ.

ಮಧ್ಯಾಹ್ನದ ಹೊತ್ತಿಗೆ ಕತ್ತಲಗೆರೆ ಕಡೆಯ ದೊಡ್ಡ ಮೀಸೆಯ ಸಾಹುಕಾರರೊಬ್ಬರು ಜೀಪಿನಿಂದಿಳಿದು ಒಳಗೆ ಬಂದರು. ಅವರು ಕೈಹಾಕಿದ ಬಂದೂಕಿನ ಮೇಲಿಂದ ಒದ್ದೆ ಲಂಗೋಟಿ ಸೀದಾ ಅವರ ಜರಿ ಶಲ್ಯದ ಮೇಲೆ ಬಿತ್ತು.

“ಏನ್ರೀ ವಿರೂಪಾಕ್ಷಪ್ಪ, ಇದು ಬಂದೂಕಿನ ಅಂಗಡೀನೋ, ಬಾಣಂತಿ ಕೋಣೇನೋ?”

ಜೀಪು ಹೊರಟುಹೋಯಿತು. ವಿರೂಪಾಕ್ಷಪ್ಪ ತಲೆಯ ಮೇಲೆ ಕೈಹೊತ್ತು, “ಜಂಪಣ್ಣಾ! ಎಲ್ಲಿ ಸತ್ತೆಯೋ? ಈ ತಾಯಿ ರೈಫಲ್ಲು ಮೊದ್ಲು ಮಾಡು!” ಎಂದು ಕಿರುಚಿದ.

ಜಂಪಣ್ಣ ಅಂಗಡಿಯ ಮೆಕ್ಯಾನಿಕ್ಕು. ಬಿಚ್ಚುವುದರಲ್ಲಿ ನಿಸ್ಸೀಮ, ಕೂಡಿಸುವುದರಲ್ಲಿ ದೇವರಿಗೆ ಭಾರ ಹಾಕುವವನು. ಶಾಂತಾದೇವಿ ಅವನ ಎದುರೇ ಮಣೆ ಹಾಕಿಕೊಂಡು ಕೂತಳು. ತರಕಾರಿಯವನ ತಕ್ಕಡಿ ನೋಡುವ ಕಣ್ಣಿನಿಂದ ಒಂದೊಂದು ಮೊಳೆಯನ್ನೂ ನೋಡಿದಳು. “ಅದ್ಯಾಕೆ ಉಳೀತು? ಅದೂ ಹಾಕು.” “ಇದು ಎಕ್ಸ್‌ಟ್ರಾ ತಾಯೀ.” “ಕಂಪನಿಯವ್ರು ನಿನಗೆ ಆಡಾಕೆ ಅಂತ ಇಟ್ಟಿದ್ರಾ? ಹಾಕು!” ಹಾಕಿದ. ಸ್ಪ್ರಿಂಗು ಹೊಸದು ಹಾಕಿಸಿದಳು, ಗುರಿ ನೆಟ್ಟಗೆ ಮಾಡಿಸಿದಳು, ಹಿಡಿಯನ್ನು ತಾನೇ ಎಳೆದು ಜಗ್ಗಿ ನೋಡಿದಳು. ಅಂಗಡಿಯ ಹಿಂದಿನ ಮಣ್ಣುದಿಬ್ಬದ ಬಳಿ ಪರೀಕ್ಷೆಯಾಯಿತು. ಢಂ! ಇಟ್ಟ ಕುಡಿಕೆ ಚೂರು. ತೋಟಾ ಠಣ್ಣನೆ ಹೊರಗೆ. ಹಿಡಿ ಹಿಡಿದಲ್ಲೇ! ಜೋಲಿಯಲ್ಲಿದ್ದ ಮಗಳಿಗೆ ಎಚ್ಚರವಾಗಲಿಲ್ಲ. ಮುರುಗೇಶಪ್ಪ ಮಾತ್ರ ಸದ್ದಿಗೆ ಬೆಚ್ಚಿ ಪೋಸ್ಟರಿನ ಮುಂದೆ ಕೂತುಬಿಟ್ಟಿದ್ದ.

ಕೊನೆಗೆ ಜಂಪಣ್ಣ ಡಬ್ಬಿ ತೆಗೆದು ರೈಫಲ್ಲಿನ ಒಳಗೂ ಹೊರಗೂ ಹಳದಿ ಗ್ರೀಸು ಬಳಿದ. “ಒರೆಸಬ್ಯಾಡ್ರಿ ತಾಯೀ. ವಿಲಾಯ್ತಿ ಮಾಲು, ಅಸಲಿ ಕೊಬ್ಬಿನ ಗ್ರೀಸು!”

ಶಾಂತಾದೇವಿ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. “ಯಾವುದರ ಕೊಬ್ಬು?”

“ಅದನ್ನ ಡಬ್ಬಿ ಹೇಳಲ್ಲ ತಾಯೀ. ಕೊಬ್ಬು ಅಂದ್ರೆ ಕೊಬ್ಬು.”

ಇಡೀ ದಾರಿ ಗೆಲುವಿನ ಸುಖಕ್ಕೂ ಕೊಬ್ಬಿನ ಚಿಂತೆಗೂ ಅವಳೊಳಗೆ ಕುಸ್ತಿ ನಡೆಯಿತು. ರೈಫಲ್ಲು ನೇತಾಡುವುದು ದೇವರ ಕೋಣೆಯ ಬಾಗಿಲ ಪಕ್ಕದ ಗೂಟದಲ್ಲಿ! ಮನೆಗೆ ಬಂದವಳೇ ಅತ್ತೆಯ ಕಿವಿಯಲ್ಲಿ ಪಿಸುಗುಟ್ಟಿದಳು. ಸಿದ್ದಲಿಂಗಮ್ಮ ಹೊಸ್ತಿಲಲ್ಲಿ ಎರಡೂ ಕೈ ಅಡ್ಡ ಹಿಡಿದು ನಿಂತರು.

“ಒಳಗೆ ತರಬ್ಯಾಡ! ಹಂದಿ ಓಡಿಸೋ ಕೋವಿಗೆ ಹಂದೀದೇ ಕೊಬ್ಬು ಬಳಿದಿದ್ರೆ? ನೆಂಟರ ಮನೆ ಅಂತ ಇನ್ನೂ ನಾಕು ಬರ್ತಾವೆ! ಬಚ್ಚಲಿಗೆ ತಗಂಡ್ ಹೋಗು. ನೀರು ಕಾಯಿಸು. ಸೀಗೆಕಾಯಿ ತಾ.”

ಮದುವೆಯಾದ ಮೇಲೆ ಅತ್ತೆ ಸೊಸೆ ಅಷ್ಟೊಂದು ಒಮ್ಮತದಿಂದ ಒಂದು ಕೆಲಸ ಮಾಡಿದ್ದು ಅದೇ ಮೊದಲು. ಬೀದಿಯ ಹಸುಗೂಸುಗಳಿಗೆಲ್ಲ ಎರೆದ ಕೈ ಸಿದ್ದಲಿಂಗಮ್ಮನವರದು. ಬಚ್ಚಲಲ್ಲಿ ಕಾಲು ಚಾಚಿ ಕೂತು, ರೈಫಲ್ಲನ್ನು ಮೊಣಕಾಲ ಮೇಲೆ ಬೋರಲು ಮಲಗಿಸಿಕೊಂಡು, ಬೆನ್ನು ತಿಕ್ಕಿ, ತಿರುಗಿಸಿ, ಹೊಟ್ಟೆ ತಿಕ್ಕಿ, ನಳಿಗೆಯ ತುದಿಯನ್ನು ಮೂಗಿನಂತೆ ಹಿಂಡಿ ಎರೆದರು. ಶಾಂತಾದೇವಿ ಹದವಾದ ಬಿಸಿನೀರನ್ನು ತಂಬಿಗೆಯಿಂದ ಧಾರೆಯಾಗಿ ಹೊಯ್ದಳು. ಸೀಗೆಯ ನೊರೆ ಈ ತುದಿಯಲ್ಲಿ ಹೋಗಿ ಆ ತುದಿಯಲ್ಲಿ ಬಂತು. ಹಳದಿ ಕೊಬ್ಬೆಲ್ಲ ಕರಗಿ ಹರಿಯಿತು. ಆಮೇಲೆ ಒರೆಸಿ, ಸಾಂಬ್ರಾಣಿ ಹೊಗೆ ಕೊಟ್ಟು, ಹಿಡಿಯ ಮೇಲೆ ಒಂದು ದೃಷ್ಟಿಬೊಟ್ಟು ಇಟ್ಟರು.

“ಒಳಗೆ ಏನಾದ್ರೂ ಜಿಡ್ಡು ಬೇಕಲ್ಲತ್ತೆ? ಇಲ್ಲಾಂದ್ರೆ ತುಕ್ಕು ಹಿಡಿಯುತ್ತೆ.”

“ನಮ್ಮ ಮನೇಲಿ ಜಿಡ್ಡಿಗೆ ಬರ ಏನವ್ವ? ಮೊನ್ನೆ ಕಾಯಿಸಿದ ತುಪ್ಪ ಐತೆ.”

ಹರಳು ಹರಳಾದ ಆಕಳ ತುಪ್ಪ ಬಿಸಿ ಬಿಸಿಯಾಗಿ ಕರಗಿ ಒಳಗಿಳಿಯಿತು! ಗುಂಡು ತುಂಬುವಾಗ ಎಳೆಯುವ ಬೋಲ್ಟು ಸರಾಗವಾಗಿ ಜಾರಿತು. ಘಮಘಮ ಅಂದಿತು. ಬಸ್ಸಿಳಿದು ಸೀದಾ ಹೊಲ ನೋಡಲು ಹೋಗಿದ್ದ ಮುರುಗೇಶಪ್ಪ ಮನೆಗೆ ಬಂದವನು ಮೂಗರಳಿಸಿ, “ಇವತ್ತೇನು ಹೋಳಿಗೇನಾ?” ಎಂದು ಕೇಳಿದ. ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಅವನಿಗೆ ಹೇಳಲಿಲ್ಲ.

ಕಾರ್ತಿಕದ ಚಳಿ. ಬೆಳಕು ಹರಿಯುವ ಹೊತ್ತಿಗೆ ಹಂದಿಗಳು ಇಳಿದಿವೆಯೆಂದು ಧರ್ಮಪ್ಪ ಅಟ್ಟಣೆಯಿಂದ ಕೂಗು ಹಾಕಿದ. ಶಾಂತಾದೇವಿ ಸೆರಗು ಸಿಕ್ಕಿಸಿ ಮುಂದೆ, ರೈಫಲ್ಲು ಹೊತ್ತ ಮುರುಗೇಶಪ್ಪ ಹಿಂದೆ. ಗುಂಡು ಆಕಾಶಕ್ಕೇ ಹೋಗುತ್ತದೋ ಇಲ್ಲವೋ ನೋಡಲು ಮೊಮ್ಮಗಳನ್ನು ಕಂಕುಳಲ್ಲಿಟ್ಟುಕೊಂಡ ಸಿದ್ದಲಿಂಗಮ್ಮ ಅವರ ಹಿಂದೆ. ಹೊಲದ ನಟ್ಟನಡುವೆ ದೊಡ್ಡದೂ ಸಣ್ಣದೂ ಸೇರಿ ಇಡೀ ಸಂಸಾರ, ಮೂತಿ ಮಣ್ಣಲ್ಲಿಟ್ಟು ಚಪ್ಪರಿಸುತ್ತಿತ್ತು. ಜಗಳೂರಿನ ಬೀಜ!

“ಹೊಡೀರಿ!” ಎಂದಳು ಸೇನಾಧಿಪತಿಯಂತೆ.

ಮುರುಗೇಶಪ್ಪ ಆಕಾಶಕ್ಕೆ ಹಿಡಿದು, ಕಣ್ಣು ಮುಚ್ಚಿ, ಒತ್ತಿದ.

ಟಿಕ್ ಎಂದು ಕೂಡ ಅನ್ನಲಿಲ್ಲ! ಬೋಲ್ಟು ಎಳೆದ, ಬರಲಿಲ್ಲ. ಮೊಣಕಾಲಿಗೆ ಆನಿಸಿ ಎಳೆದ, ಉಹೂಂ. ಬೆರಳು ತೂರಿಸಿ ತೆಗೆದ. ಬೆರಳ ತುದಿಯಲ್ಲಿ ಬೆಳ್ಳಗೆ, ಗಟ್ಟಿಯಾಗಿ ಏನೋ ಬಂತು. ಮೂಸಿ ನೋಡಿದ. ನೆಕ್ಕಿ ನೋಡಿದ.

“ತುಪ್ಪ ಕಣೆ ಇದು! ಹೆಪ್ಪುಗಟ್ಟೈತೆ! ರೈಫಲ್ಲೊಳಗೆ ತುಪ್ಪ ಹೆಂಗೆ ಬಂತು?”

ಒಂದು ಹಂದಿ ತಲೆಯೆತ್ತಿ ಗಾಳಿ ಮೂಸಿತು. ಪರಿಮಳ ಹಿಡಿಸಿರಬೇಕು, ನಾಲ್ಕು ಹೆಜ್ಜೆ ಈ ಕಡೆಗೇ ಬಂತು.

“ಅತ್ತೆ! ನಾನು ಒಂದು ಚಮಚ ಸಾಕು ಅಂದೆ. ನೀವು ಗಿಂಡಿ ಬಗ್ಗಿಸಿದ್ರಿ!”

“ನಾನಾ? ಜಿಡ್ಡು ಬೇಕು ಜಿಡ್ಡು ಬೇಕು ಅಂತ ಕುಣಿದೋಳು ಯಾರೇ? ಶಿವಮೊಗ್ಗದಾಗೆ ಬಾಯಿ ಮಾಡ್ಕೊಂಡು ಬಂದೋಳು, ಬರೋವಾಗ ಒಂದು ಒಳ್ಳೇ ಎಣ್ಣೆ ತರಾಕೆ ಏನಾಗಿತ್ತು?”

“ಬಚ್ಚಲಿಗೆ ತಗಂಡ್ ಹೋಗು ಅಂದಿದ್ದು ಯಾರು?”

“ಕೊಬ್ಬು ಬಳ್ಸಿಕೊಂಡು ಬಂದಿದ್ದು ಯಾರು? ಜಗಳೂರಿನ ಹೆಣ್ಣು ತರಬ್ಯಾಡ, ಊರ ಹೆಸರಲ್ಲೇ ಐತೆ ಅಂತ ನಮ್ಮಣ್ಣ ಅವತ್ತೇ ಬಡ್ಕೊಂಡ!”

“ನಿಮ್ಮಣ್ಣನಾ? ಮದುವೆ ಊಟದಾಗೆ ಮೂರನೇ ಪಂಕ್ತೀಲೂ ಕೂತಿದ್ದೋರು ತಾನೇ? ನಮ್ಮಪ್ಪ ಇವತ್ತಿಗೂ ನೆನೆಸ್ಕೊತಾರೆ!”

“ಏನಂದೆ? ಇನ್ನೊಂದ್ಸಲ ಅನ್ನು! ನಿಮ್ಮಪ್ಪ ಇಕ್ಕಿದ ಪಾಯಸದಾಗೆ ಗೋಡಂಬಿ ಹುಡುಕಾಕೆ ಲಾಟೀನು ಬೇಕಾಗಿತ್ತು!”

ಕೆರೆಬಿಳಚಿಯಲ್ಲಿ ಹುಟ್ಟಿ, ಕೆರೆಯ ಈ ದಂಡೆಯಿಂದ ಆ ದಂಡೆಯ ಎಮ್ಮೆ ಕರೆದು ಬೆಳೆದ ಗಂಟಲು ಸಿದ್ದಲಿಂಗಮ್ಮನವರದು. ಬಯಲುಸೀಮೆಯ ಗಾಳಿಗೆ ಎದುರಾಗಿ ಮಾತಾಡಿ ಬೆಳೆದ ಗಂಟಲು ಶಾಂತಾದೇವಿಯದು. ಎರಡೂ ಒಮ್ಮೆಲೇ ಶ್ರುತಿ ಏರಿಸಿದವು. ಕಂಕುಳಲ್ಲಿದ್ದ ಮೊಮ್ಮಗಳೂ ಯಾವ ಪಕ್ಷವೆಂದು ಹೇಳದೆ ಕಿಟಾರನೆ ಕಿರುಚಿತು. ಹಳ್ಳದ ಕೊಕ್ಕರೆಗಳು ಎದ್ದು ಹೊರಟವು. ಮದುವೆಯ ಪಾಯಸದಿಂದ ತೊಟ್ಟಿಲಿನ ಶಾಸ್ತ್ರಕ್ಕೆ, ಅಲ್ಲಿಂದ ಕಳೆದ ದೀಪಾವಳಿಯ ಸೀರೆಗೆ ಮಾತು ಬಂದಿತ್ತು.

“ಓಡಿದವು” ಎಂದ ಮುರುಗೇಶಪ್ಪ ಮೆಲ್ಲಗೆ.

“ನೀನು ಸುಮ್ನಿರು!” ಎಂದರು ಅತ್ತೆ.

“ನೀವು ನಡುವೆ ಬಾಯಿ ಹಾಕಬ್ಯಾಡ್ರಿ!” ಎಂದಳು ಸೊಸೆ.

“ಹಂದಿ ಓಡಿದವು ಅಂದೆ!”

ಇಬ್ಬರೂ ತಿರುಗಿ ನೋಡಿದರು. ಹೊಲ ಖಾಲಿ! ಗುಡ್ಡದ ಬುಡದಲ್ಲಿ ಕರಿಯ ಬಾಲಗಳು, ಹಿಂತಿರುಗಿಯೂ ನೋಡದೆ, ಮರಿಗಳನ್ನು ಮುಂದೆ ಹಾಕಿಕೊಂಡು ಹತ್ತುತ್ತಿದ್ದವು.

ಅಂದೇ ಆಳುಗಳನ್ನು ಕರೆದು ಶೇಂಗಾ ಕೀಳಿಸಿದರು. ಅಂಚು ಹೋಗಿತ್ತು, ನಡುವೆ ಒಂದಿಷ್ಟು ಹೋಗಿತ್ತು, ಉಳಿದದ್ದು ಗೊಂಚಲು ಗೊಂಚಲು! ಸಂಜೆ ಅಂಗಳದಲ್ಲಿ ರಾಶಿ ಹಾಕಿದಾಗ ಸಿದ್ದಲಿಂಗಮ್ಮ ಒಂದು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಜಗಿದು, “ಹೊಲ ನಿನ್ನದೇ ಇಟ್ಕೊ” ಎಂದರು. ಹೊಗಳಿಕೆಯಲ್ಲಿ ಅದಕ್ಕಿಂತ ಹೆಚ್ಚು ಖರ್ಚು ಮಾಡುವ ಮನೆತನವಲ್ಲ ಅದು. ಶಾಂತಾದೇವಿ ಅರ್ಧ ಗೆದ್ದ ರಾಣಿಯಂತೆ ರಾಶಿಯ ಪಕ್ಕ ಕೂತಳು. ಅರ್ಧ ಮಾತ್ರ, ಏಕೆಂದರೆ ರೈಫಲ್ಲನ್ನು ಮತ್ತೆ ಗದಾಧರ ಭಂಡಾರಕ್ಕೆ ಒಯ್ದು, “ತುಪ್ಪ ಹೆಪ್ಪುಗಟ್ಟೈತೆ, ಗ್ಯಾರಂಟಿ ಐತಾ?” ಎಂದು ಕೇಳುವ ಮುಖ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಆಗ ಧರ್ಮಪ್ಪ ಬಂದ. ಅವನ ಶೇಂಗಾ ಇನ್ನೂ ಹೊಲದಲ್ಲೇ ಇತ್ತು. ಟವೆಲು ಕೈಯಲ್ಲಿ ಹಿಡಿದು, ಬಹಳ ಸಂಕೋಚದಿಂದ ನಿಂತ.

“ತಂಗ್ಯವ್ವ, ಒಂದು ಉಪಕಾರ ಆಗ್ಬೇಕಲ್ಲ. ಹಂದಿ ಇವತ್ತು ನಿಮ್ಮ ಹೊಲ ಬಿಟ್ಟವು. ನಾಳೆ ನಮ್ಮದಕ್ಕೆ ಬರ್ತಾವೆ.”

ಶಾಂತಾದೇವಿಗೆ ತಕ್ಷಣ ಅರ್ಥವಾಯಿತು. ತನ್ನ ರೈಫಲ್ಲಿನ ಕೀರ್ತಿ, ಅದು ಸಿಡಿಯದೆಯೂ, ಹಬ್ಬಿಬಿಟ್ಟಿದೆ! ಬೆನ್ನು ನೆಟ್ಟಗೆ ಮಾಡಿಕೊಂಡು, ಗಂಭೀರವಾಗಿ ಹೇಳಿದಳು: “ಅದು ಹಂಗೆಲ್ಲ ಕೊಡಾಕೆ ಬರಲ್ಲ ಧರ್ಮಪ್ಪಣ್ಣ. ಲೈಸೆನ್ಸು ಇವ್ರ ಹೆಸರಲ್ಲೈತೆ. ಕೋವಿ ಬೇರೆಯವ್ರ ಕೈಗೆ ಹೋಗಂಗಿಲ್ಲ.”

“ಅಯ್ಯೋ, ಕೋವಿ ಯಾರಿಗೆ ಬೇಕವ್ವ!” ಎಂದ ಧರ್ಮಪ್ಪ. “ಅದು ಗೂಟದಾಗೇ ಇರ್ಲಿ. ಬೆಳಗಿನ ಜಾವ ನೀನೂ ನಿಮ್ಮತ್ತೇನೂ ಒಂಚೂರು ನಮ್ಮ ಬದುವಿನ ಮ್ಯಾಲೆ ಬಂದು ನಿಂತ್ರೆ ಸಾಕು. ಮೊದಲಿಂದ ಬ್ಯಾಡ, ಆ ದೀಪಾವಳಿ ಸೀರೆ ತಾವ ನಿಲ್ಸಿದ್ರಲ್ಲ, ಅಲ್ಲಿಂದ ಶುರು ಮಾಡ್ರಿ!”